ಮಾತೇ ಆಡದ ಯೋಸೇಫ

ಕ್ರಿಸ್ತನ ಜನನದ ಕಥೆಯನ್ನು ಒಂದು ಪಾತ್ರದ ಜಾಗದಲ್ಲಿ ನಿಂತು ಓದಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದಿದೆ. ನನಗೆ ಸಿಕ್ಕಿದ್ದು ಯೋಸೇಫ, ಯೇಸುವಿನ ತಾಯಿ ಮರಿಯಳ ಗಂಡ.

ಒಂದು ವಿಷಯ ಗಮನಿಸಿದ್ದೀರಾ? ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕೂ ಸುವಾರ್ತೆಗಳಲ್ಲಿ ಅವನ ಬಾಯಿಂದ ಒಂದೇ ಒಂದು ಮಾತೂ ಬರುವುದಿಲ್ಲ. ಮರಿಯಳಿಗೆ ಹಾಡೇ ಇದೆ. ಕುರುಬರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಇವನು ಮಾತ್ರ ಮೌನ. ಮತ್ತಾಯನ ಸುವಾರ್ತೆಯ ಪ್ರಕಾರ ಅವನಿಗೆ 4 ಸಲ ಕನಸು ಬೀಳುತ್ತದೆ. ಪ್ರತಿ ಸಲವೂ ಎದ್ದು ಹೇಳಿದ್ದನ್ನು ಮಾಡುತ್ತಾನೆ, ಅಷ್ಟೇ. ಐಗುಪ್ತಕ್ಕೆ (ಈಜಿಪ್ಟಿಗೆ) ಓಡು ಅಂದರೆ ರಾತ್ರೋರಾತ್ರಿ ಮಗು, ತಾಯಿ ಇಬ್ಬರನ್ನೂ ಕರೆದುಕೊಂಡು ಹೊರಡುತ್ತಾನೆ.

ಮೊದಲೆಲ್ಲ ಅವನು ನನಗೆ ಮಗುವನ್ನು ಮಲಗಿಸಿದ ಗೋದಲಿಯ (ದನಕ್ಕೆ ಮೇವು ಹಾಕುವ ತೊಟ್ಟಿಯ) ಪಕ್ಕ ಸುಮ್ನೆ ನಿಲ್ಲಿಸಿದ ಗೊಂಬೆ. ಮಗಳು ಹುಟ್ಟಿದ ರಾತ್ರಿ ಅದು ಬದಲಾಯಿತು. ಹೆರಿಗೆ ಕೋಣೆಯ ಹೊರಗೆ ನಿಂತಿದ್ದೆ. ಕೈಯಲ್ಲಿ ಹಳೇ ಸೀರೆ ಹರಿದು ಮಡಚಿದ ಬಟ್ಟೆಗಳ ಚೀಲ. ಅದರ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು, ಇದೇ ನನ್ನ ಕೆಲಸ! ಏನೂ ಮಾಡುವ ಹಾಗಿಲ್ಲ, ಬಿಟ್ಟು ಹೋಗುವ ಹಾಗೂ ಇಲ್ಲ.

ಛತ್ರದಲ್ಲಿ ಜಾಗ ಇರಲಿಲ್ಲ ಅಂತ ಇನ್ನೊಂದು ಸುವಾರ್ತೆಯಲ್ಲಿ ಲೂಕ ಒಂದೇ ಸಾಲಲ್ಲಿ ಮುಗಿಸುತ್ತಾನೆ. ಆ ಸಾಲಿನ ಹಿಂದೆ ಒಬ್ಬ ಗಂಡ ಎಷ್ಟು ಪರದಾಡಿರಬೇಕು ಅಲ್ವಾ? ಗೋದಲಿಯಲ್ಲಿ ಹುಲ್ಲು ಸರಿ ಮಾಡಿದವನು ಅವನೇ ಇರಬೇಕು (ಇದು ನನ್ನ ಊಹೆ, ಬೈಬಲ್ಲಿನಲ್ಲಿಲ್ಲ). ಮಗುವನ್ನು ನೋಡಲು ಬಂದ ಜ್ಞಾನಿಗಳು, ಅವರಿಗೆ ದಾರಿ ತೋರಿದ ನಕ್ಷತ್ರದ ಬಗ್ಗೆ ನೀವು ಬರೆದದ್ದೂ ಚೆನ್ನಾಗಿದೆ. ಆದರೆ ಈಗ ಕ್ರಿಸ್ತನ ಜನನದ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಯೋಸೇಫನ ಕೈಗಳ ಕಡೆಗೆ.