ಚೆಂಡು ಸಿಕ್ಕಾಗ ಅಲ್ಲ, ಪಾಸ್ ಹೊರಟಾಗ ನೋಡಿ

ಫುಟ್‌ಬಾಲಿನಲ್ಲಿ ಡಿಫೆಂಡರ್‌ಗಳ ಹಿಂದೆ ಚೆಂಡು ಸಿಕ್ಕರೆ ಆಫ್‌ಸೈಡ್ (ನಿಯಮ ಮೀರಿ ಮುಂದಿರುವುದು), ಹಾಗಾಗಿ ಹೈ ಲೈನ್ ಆಡುವ, ಅಂದರೆ ಡಿಫೆಂಡರ್‌ಗಳ ಸಾಲನ್ನು ತನ್ನ ಗೋಲಿನಿಂದ ದೂರ ಮುಂದಕ್ಕೆ ಏರಿಸುವ ತಂಡಕ್ಕೆ ಅಪಾಯವೇ ಇಲ್ಲ ಎನ್ನುವ ಫಾರ್ವರ್ಡ್ ಮೆಸೇಜ್ ಆಗಾಗ ಬರುತ್ತದೆ. ಇದು ತಪ್ಪು. ಜೊತೆಗಾರ ಪಾಸ್ ಒದ್ದ ಕ್ಷಣದಲ್ಲಿ ಚೆಂಡು ಪಡೆಯುವವನು ಎಲ್ಲಿದ್ದ ಅನ್ನುವುದೇ ಲೆಕ್ಕ. ಆಮೇಲೆ ಓಡಿ ದಾಟಬಹುದು. ಪಾಸ್ ಹೊರಟಾಗ ಮೈದಾನದ ತನ್ನದೇ ಅರ್ಧದಲ್ಲಿದ್ದವನು ಆಫ್‌ಸೈಡ್ ಆಗುವುದೇ ಇಲ್ಲ.

ಲೈನ್ ಮಧ್ಯಗೆರೆ ತನಕ ಏರಿದರೆ ಹಿಂದೆ ಸುಮಾರು 50 ಮೀಟರ್ ಖಾಲಿ, ಅಲ್ವಾ? ಅದಕ್ಕೇ ಗೋಲ್‌ಕೀಪರ್ ಮುಂದೆ ಬಂದು ನಿಲ್ಲಬೇಕು, ಪಾಸ್ ಕೊಡುವವನ ಮೇಲೆ ಒತ್ತಡ ಇರಲೇಬೇಕು. ಒತ್ತಡ ಇದ್ದರೆ ಲಾಭ ಜಾಸ್ತಿ: ಎದುರಾಳಿಗೆ ಆಡಲು ಜಾಗ ಸಿಗದು, ಚೆಂಡು ಅವರ ಗೋಲಿನ ಹತ್ತಿರವೇ ವಾಪಸ್ ಸಿಗುತ್ತದೆ.

ಗೊಂದಲ ಸಹಜ. ಫುಟ್‌ಬಾಲಿನ 11ನೇ ನಿಯಮ ಓದಿ. ವಿಡಿಯೊವನ್ನು ಪಾಸ್ ಹೊರಟ ಕ್ಷಣಕ್ಕೆ ನಿಲ್ಲಿಸಿ, ಗೋಲಿನ ಕಡೆಯಿಂದ ಎರಡನೇ ಎದುರಾಳಿ ಎಲ್ಲಿದ್ದಾನೆ ನೋಡಿ. ಗೋಲ್‌ಕೀಪರ್‌ನನ್ನೂ ಎಣಿಸಿ.