ಲೆಕ್ಕ ಅಡುಗೆಮನೆಯಲ್ಲೇ ಇರಲಿ

ಜಪಾನಿನಲ್ಲಿ ನೆಲೆಸಿರುವ ನನ್ನಂಥವರಿಗೆ ಊರಿಗೆ ಬಂದಾಗಲೆಲ್ಲ ಎದುರಾಗುವ ಪ್ರಶ್ನೆಯೊಂದಿದೆ: ಅಲ್ಲಿಯ ಜನ ಏನು ತಿಂದು ಅಷ್ಟು ತೆಳ್ಳಗಿರುತ್ತಾರೆ? ಕೇಳುವವರಿಗೆ ಬೇಕಿರುವುದು ಒಂದು ಪದಾರ್ಥದ ಹೆಸರು. ಹಸಿರು ಚಹಾ ಎಂದರೂ ಸಾಕು, ಕಡಲಪಾಚಿ ಎಂದರೂ ಸಾಕು, ಮಾರನೆಯ ದಿನವೇ ತರಿಸಿಬಿಡುತ್ತಾರೆ. ಈ ಬಗೆಯ ನಂಬಿಕೆಯಲ್ಲಿ ಜಪಾನಿಯರೂ ನಮಗಿಂತ ಹಿಂದೆ ಬಿದ್ದವರಲ್ಲ. ಹುದುಗು ಬರಿಸಿದ ಸೋಯಾಕಾಳಾದ ನಾಟ್ಟೊ ತಿಂದರೆ ತೂಕ ಇಳಿಯುತ್ತದೆಂದು 2007ರ ಜನವರಿಯಲ್ಲಿ ಟಿವಿ ಕಾರ್ಯಕ್ರಮವೊಂದು ಸಾರಿದ್ದೇ ತಡ, ಅಂಗಡಿಗಳಲ್ಲಿ ಅದು ಸಿಗದಂತಾಯಿತು. ತೋರಿಸಿದ ಅಂಕಿಗಳೇ ಕಟ್ಟುಕಥೆಯೆಂದು ಕೆಲವೇ ದಿನಗಳಲ್ಲಿ ಬಯಲಾಗಿ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು. ಅದರಿಂದ ಯಾರೂ ಪಾಠ ಕಲಿತಂತಿಲ್ಲ, ಏಕೆಂದರೆ 2008ರಲ್ಲಿ ಬೆಳಗ್ಗೆ ಬಾಳೆಹಣ್ಣು ತಿನ್ನುವ ಡಯಟ್ ಹಬ್ಬಿ ಮಾರುಕಟ್ಟೆಯಲ್ಲಿ ಬಾಳೆಹಣ್ಣಿಗೇ ಬರ ಬಂತು. ಇಪ್ಪತ್ತರ ಹರೆಯದ ಹೆಣ್ಣುಮಕ್ಕಳಲ್ಲಿ ಸುಮಾರು ಐವರಿಗೆ ಒಬ್ಬರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು ಎಂಬುದನ್ನೂ, ಹೊರಗಿನಿಂದ ಈ ದೇಶವನ್ನು ಹೊಗಳುವವರು ಗಮನಿಸುವುದಿಲ್ಲ.

ಆದ್ದರಿಂದ ಇಲ್ಲಿಂದ ಕಲಿಯಬೇಕಾದದ್ದು ಪದಾರ್ಥವನ್ನಲ್ಲ. ನನಗೆ ಮೆಚ್ಚುಗೆಯಾದದ್ದು ಪ್ರಾಥಮಿಕ ಶಾಲೆಯ ಮಧ್ಯಾಹ್ನದ ಊಟ. 1889ರಲ್ಲಿ ಯಮಗಾತ ಪ್ರಾಂತದ ತ್ಸುರುಓಕದಲ್ಲಿ ಬಡಮಕ್ಕಳಿಗಾಗಿ ಆರಂಭವಾದ ಈ ಪದ್ಧತಿಗೆ 1954ರಲ್ಲಿ ಕಾನೂನಿನ ಬಲ ಬಂತು. ತಿಂಗಳ ಆರಂಭದಲ್ಲಿ ಯಾವ ದಿನ ಏನು ಅಡುಗೆ ಎಂಬ ಪಟ್ಟಿ ಮನೆಗೆ ಬರುತ್ತದೆ. ಪ್ರತಿದಿನದ ಊಟದ ಎದುರು ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಎಂದೂ ಅಚ್ಚಾಗಿರುತ್ತದೆ. ಊಟದ ಹೊತ್ತಿಗೆ ಸರದಿಯ ಮಕ್ಕಳು ಬಿಳಿ ಮೇಲಂಗಿ, ಟೊಪ್ಪಿಗೆ, ಮಾಸ್ಕ್ ಹಾಕಿಕೊಂಡು ಪಾತ್ರೆಗಳನ್ನು ತರಗತಿಗೆ ಹೊತ್ತು ತಂದು ಬಡಿಸುತ್ತಾರೆ, ಮೇಷ್ಟ್ರೂ ಅದೇ ಊಟವನ್ನು ಅಲ್ಲೇ ಕೂತು ಉಣ್ಣುತ್ತಾರೆ. ಅನೇಕ ತರಗತಿಗಳಲ್ಲಿ, ಬಡಿಸಿದ್ದು ಹೆಚ್ಚಾಯಿತು ಎನ್ನುವ ಮಗು ಬಾಯಿಗಿಡುವ ಮೊದಲೇ ತಟ್ಟೆ ತಂದು ಅರ್ಧವನ್ನು ಪಾತ್ರೆಗೆ ಹಿಂದಿರುಗಿಸಬಹುದು. ಸಾಲದು ಎನ್ನುವವರು ಆಮೇಲೆ ಬಂದು ಹಾಕಿಸಿಕೊಳ್ಳಬಹುದು. ಕರಿದ ಕೋಳಿಯ ಎರಡೇ ತುಂಡು ಉಳಿದು ಕೇಳುವವರು ಆರು ಮಂದಿಯಾದರೆ ಕಲ್ಲು-ಕಾಗದ-ಕತ್ತರಿ ಆಟವೇ ತೀರ್ಪು. (ಸಸ್ಯಾಹಾರಿಗಳಿಗೆ ಇದೆಲ್ಲ ಸಲೀಸಲ್ಲ. ಹುದುಗಿಸಿದ ಸೋಯಾದಿಂದ ಮಾಡುವ ಮಿಸೊ ಸೂಪಿಗೂ ಮೀನಿನ ತಿಳಿಯೇ ಆಧಾರವಾದ್ದರಿಂದ ಶಾಲೆಯವರೊಡನೆ ಮಾತಾಡಿ ಡಬ್ಬಿ ಕಳಿಸುವ ಭಾರತೀಯರ ಮನೆಗಳಿವೆ.)

ಇಲ್ಲಿ ಕ್ಯಾಲೊರಿಯ ಲೆಕ್ಕ ನಡೆಯುತ್ತದೆ, ಆದರೆ ಅದನ್ನು ಮಾಡುವವರು ಅಡುಗೆ ಯೋಜಿಸುವ ಪೋಷಣತಜ್ಞರು. ಎಂಟು ವರ್ಷದ ಮಗುವಿನ ತಲೆಗೆ ಆ ಅಂಕಿ ಹೋಗುವುದಿಲ್ಲ; ಅದು ಕೇಳಿಕೊಳ್ಳಬೇಕಾದದ್ದು ತನಗೆ ಎಷ್ಟು ಹಸಿವಿದೆ ಎಂಬುದನ್ನು ಮಾತ್ರ. ಮಕ್ಕಳ ಊಟದ ವಿಷಯದಲ್ಲಿ ಹೆಸರಾದ ಅಮೆರಿಕದ ಎಲಿನ್ ಸ್ಯಾಟರ್ ಹೇಳುವುದೂ ಇದನ್ನೇ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಹೊಣೆ, ಎಷ್ಟು ಎಂಬುದು ಮಗುವಿನದು. ಜಪಾನಿನ ಶಾಲೆಗಳೂ ಸದಾ ಹೀಗೆ ನಡೆದುಕೊಂಡಿಲ್ಲ; ತಟ್ಟೆ ಖಾಲಿಯಾಗುವ ತನಕ ಏಳಬಾರದೆಂದು ಕೂರಿಸುತ್ತಿದ್ದ ಮೇಷ್ಟ್ರುಗಳನ್ನು ಇಲ್ಲಿನ ಹಿರಿಯರು ಇಂದಿಗೂ ಬೇಸರದಿಂದ ನೆನೆಯುತ್ತಾರೆ. ಇನ್ನು 2008ರಿಂದ 40 ದಾಟಿದವರ ಸೊಂಟವನ್ನು ಟೇಪಿನಿಂದ ಅಳೆದು, ಗಂಡಸರಿಗೆ 85 ಸೆಂ.ಮೀ., ಹೆಂಗಸರಿಗೆ 90 ಸೆಂ.ಮೀ. ಎಂಬ ಗೆರೆ ಎಳೆದಿರುವ ಇಲ್ಲಿನ ಸರ್ಕಾರಿ ಆರೋಗ್ಯ ತಪಾಸಣೆಯ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ.

ನಮ್ಮಲ್ಲಿ ಈ ವಿವೇಕ ಇರಲಿಲ್ಲವೆಂದಲ್ಲ. ಹಬ್ಬದ ಹೋಳಿಗೆಯೂಟದ ರಾತ್ರಿ ತಿಳಿಸಾರನ್ನವೋ ಗಂಜಿಯೋ ಸಾಕೆಂದು ತೀರ್ಮಾನಿಸುತ್ತಿದ್ದ ಅಜ್ಜಿ ಮಾಡುತ್ತಿದ್ದದ್ದು ಪೋಷಣತಜ್ಞರ ಕೆಲಸವನ್ನೇ, ಮತ್ತು ಆ ಲೆಕ್ಕವನ್ನು ಆಕೆ ಯಾರಿಗೂ ಒಪ್ಪಿಸುತ್ತಿರಲಿಲ್ಲ. ಬಾಳೆಯೆಲೆಯ ಪಂಕ್ತಿಯಲ್ಲಂತೂ ಉಪ್ಪು, ಕೋಸಂಬರಿ, ಪಲ್ಯಗಳಿಂದ ಹಿಡಿದು ಮಜ್ಜಿಗೆಯ ತನಕ ಸುತ್ತುಸುತ್ತಾಗಿ, ಸ್ವಲ್ಪಸ್ವಲ್ಪವಾಗಿ ಬಡಿಸುವುದರಿಂದ ಹೊಟ್ಟೆಗೆ ತನ್ನ ಅಳತೆ ತಿಳಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಮತ್ತೆ ಸಾಲಿನಲ್ಲಿ ನಿಲ್ಲಲು ಬೇಸರಪಟ್ಟು ಒಂದೇ ಸಲ ತಟ್ಟೆ ತುಂಬಿಕೊಳ್ಳುವ ಈಗಿನ ಬಫೆಯಲ್ಲಿ ಆ ಅನುಕೂಲವಿಲ್ಲ. ಆದರೆ ಆ ಪಂಕ್ತಿಯನ್ನು ನಾವೇ ಕೆಡಿಸುವುದು ಒತ್ತಾಯದಿಂದ. ಉಣ್ಣುವವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿದರೂ, ಬೆರಳ ಸಂದಿಯಲ್ಲೇ ಒಂದು ಸೌಟು ಪಾಯಸ ಇಳಿಯುತ್ತದೆ. ಹಾಗೆ ಬಡಿಸಿದವರೇ ಕೈ ತೊಳೆಯುವಾಗ, "ಏನು, ಈ ಸಲ ತುಂಬ ದಪ್ಪಗಾಗಿದ್ದೀಯಲ್ಲ!" ಎನ್ನುತ್ತಾರೆ. ಎರಡರ ಹಿಂದೆಯೂ ಪ್ರೀತಿಯೇ ಇದೆಯೆಂದು ಒಪ್ಪೋಣ. ಆದರೂ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಪಾಲಿಗೆ ಆ ಎರಡು ಮಾತುಗಳ ನಡುವೆ ತನ್ನ ಹಸಿವನ್ನು ನಂಬಲು ಜಾಗವೇ ಉಳಿಯುವುದಿಲ್ಲ.

ಅಲ್ಲಿಂದ ಡಯಟ್ ಆರಂಭವಾಗುತ್ತದೆ. ಅನ್ನ ಬಿಟ್ಟೆ, ರಾತ್ರಿ ಊಟ ಬಿಟ್ಟೆ ಎನ್ನುವ ಬೆಂಗಳೂರಿನ ನಮ್ಮ ನೆಂಟರು ಒಂದು ಇಡ್ಲಿಯನ್ನೂ ಫೋನಿನಲ್ಲಿ ಬರೆದುಕೊಂಡೇ ತಿನ್ನುತ್ತಾರೆ. ಅಜ್ಜಿಯ ತಲೆಯಲ್ಲಿದ್ದ ಲೆಕ್ಕ ಈಗ ಉಣ್ಣುವವರ ತಲೆಗೆ ಬಂದಿದೆ, ಅದೂ ತುತ್ತುತುತ್ತಿಗೂ. ಇದರ ಪರಿಣಾಮ ತಿಳಿಯಲು 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗವನ್ನು ನೆನೆಯಬಹುದು. ಯುದ್ಧದಿಂದ ಹಸಿದ ಜನರಿಗೆ ಹೇಗೆ ಉಣಿಸಬೇಕೆಂದು ಅರಿಯಲು 36 ಆರೋಗ್ಯವಂತ ಯುವಕರನ್ನು ಆರು ತಿಂಗಳ ಕಾಲ ದಿನಕ್ಕೆ ಸುಮಾರು 1,600 ಕ್ಯಾಲೊರಿಯ ಊಟದಲ್ಲಿ ಇರಿಸಲಾಯಿತು. ಅವರಿಗೆ ಸದಾ ಊಟದ್ದೇ ಧ್ಯಾನವಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಗುಡ್ಡೆಹಾಕಿಕೊಂಡು ಓದಿದರು, ಕಟ್ಟುಪಾಡು ಸಡಿಲಿಸಿದ ಮೇಲೆ ಎಷ್ಟು ತಿಂದರೂ ತೃಪ್ತಿಯಾಗದೆ ತಿಂದರು. ಇಂದು ಅನೇಕ ಆ್ಯಪ್‌ಗಳು ಹೇಳುವ ಮಿತಿ ಅದಕ್ಕಿಂತಲೂ ಕಡಿಮೆ. ವಾರವಿಡೀ ಬಿಗಿಹಿಡಿದು ಭಾನುವಾರ ಮಿತಿಮೀರಿ ತಿಂದವರು ತಮ್ಮ ಮನಸ್ಸು ದುರ್ಬಲವೆಂದು ಹಳಿದುಕೊಳ್ಳುವುದು ನ್ಯಾಯವಲ್ಲ. ಹಸಿದ ದೇಹ ಮಾಡುವುದೇ ಅದನ್ನು. ಸಕ್ಕರೆ ಕಾಯಿಲೆಯವರಿಗೆ, ಮೂತ್ರಪಿಂಡದ ತೊಂದರೆಯವರಿಗೆ ವೈದ್ಯರು ಹೇಳುವ ಪಥ್ಯದ ಮಾತು ಬೇರೆ, ಅದನ್ನು ಪಾಲಿಸಲೇಬೇಕು. ಆದರೆ ಆ ಪಥ್ಯವನ್ನೂ ಮನೆಯ ಅಡುಗೆಯಲ್ಲೇ ಅಳವಡಿಸಿದರೆ ಒಬ್ಬರ ತಟ್ಟೆಯ ಮೇಲೆ ಎಲ್ಲರ ಕಣ್ಣು ನೆಡುವುದು ತಪ್ಪುತ್ತದೆ.

ಒತ್ತಾಯ ಬಿಡಿ ಎಂದು ಹಿರಿಯರಿಗೆ ಹೇಳುವುದು ಸುಲಭವಲ್ಲ. ಪಡಿತರದ ಅಕ್ಕಿಗಾಗಿ ಸಾಲಿನಲ್ಲಿ ನಿಂತು ಮಕ್ಕಳನ್ನು ಸಾಕಿದವರಿಗೆ, ಅತಿಥಿ ಅರೆಹೊಟ್ಟೆಯಲ್ಲಿ ಎದ್ದಾನೆಂಬ ಅಂಜಿಕೆ ಸುಳ್ಳಾಗಿರಲಿಲ್ಲ. ಹಾಗಾಗಿ ಊರಿನ ನಮ್ಮ ಮನೆಯಲ್ಲಿ ನಾನು ಕೇಳಿಕೊಂಡಿರುವುದು ಎರಡೇ: ಮಕ್ಕಳಿಗೆ ಅವರೇ ಕೇಳಿದಷ್ಟು ಬಡಿಸಿ, ಅವರ ಮೈಯ ಬಗ್ಗೆ ಅವರೆದುರು ಮಾತಾಡಬೇಡಿ. ಎರಡನೆಯದನ್ನು ಅಮ್ಮ ತಕ್ಷಣ ಒಪ್ಪಿದರು. ಮೊದಲನೆಯದರ ಬಗ್ಗೆ ಚರ್ಚೆ ಇನ್ನೂ ನಡೆದಿದೆ, ತುಪ್ಪದ ವಿಷಯದಲ್ಲಂತೂ ಅವರು ಮಾತಿಗೇ ಸಿಗುವುದಿಲ್ಲ.