ಮರ ಹತ್ತುವವರ ಕಾಲು ನೋಡಿದ ಮೇಲೆ ಬರೀತಿದ್ದೇನೆ

ಕಾರ್ಕಳದ ಮನೆಗೆ ಹೋಗಿದ್ದೆ. ಆಟಿ ತಿಂಗಳ ಮಳೆ ಸ್ವಲ್ಪ ಹೊಳವಾಯ್ತು ಅಂತ ಅಪ್ಪ ಬೆಳಿಗ್ಗೇನೇ ಅಡಿಕೆ ಮರಕ್ಕೆ ಎರಡನೇ ಸಲದ ಕೊಳೆರೋಗದ ಮದ್ದು ಬಿಡಿಸ್ಲಿಕ್ಕೆ ಹೊರಟ್ರು. ಒಂದು ಡ್ರಮ್ಮಲ್ಲಿ ಒಂದು ಕೆಜಿ ಮೈಲುತುತ್ತು, ಇನ್ನೊಂದ್ರಲ್ಲಿ ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ದು ಕತ್ತಿಯ ತುದಿ ಅದ್ದಿ ನೋಡ್ತಾರೆ, ಕಬ್ಬಿಣ ಕೆಂಪಾದ್ರೆ ಸುಣ್ಣ ಸಾಲದು ಅಂತ ಲೆಕ್ಕ. ಮದ್ದು ಬಿಡುವ ಅಣ್ಣ ಕಾಲಿಗೆ ತಳೆ (ಮರ ಹತ್ತುವ ಹಗ್ಗದ ಬಳೆ) ಹಾಕಿ ಪಾಚಿ ಹಿಡಿದ ಮರ ಹತ್ತಿದ್ರು, ನಾಲ್ಕು ಮರ ಆಗುವಾಗ ಮತ್ತೆ ಜಡಿಮಳೆ. ಇಳಿದು ಬಂದಾಗ ಅವರ ಕಾಲು ನಡುಗ್ತಿತ್ತು. ಎರಡು ವರ್ಷದ ಹಿಂದೆ ಇವರ ತಮ್ಮ ಹೀಗೇ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಇನ್ನೂ ಸರಿ ನಡೀಲಿಕ್ಕಾಗುದಿಲ್ಲ. ಬುಡದಲ್ಲಿ ನೋಡಿದ್ರೆ ಬಿಳಿ ಬೂಷ್ಟು ಹಿಡಿದ ಎಳೆ ಅಡಿಕೆ ಚೆಲ್ಲಿಕೊಂಡು ಬಿದ್ದಿದೆ.

ಈ ಕೊಳೆರೋಗ ತರುವುದು ಫೈಟೊಫ್ತೋರಾ, ನಾವು ಶಿಲೀಂಧ್ರ ಅಂತೇವೆ, ಸರಿಯಾಗಿ ಹೇಳಿದ್ರೆ ಅದರ ಹಾಗೇ ಬದುಕುವ ಬೇರೆ ಜಾತಿಯ ಸೂಕ್ಷ್ಮಜೀವಿ. 1845ರಿಂದ ಕೆಲವು ವರ್ಷ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಲಕ್ಷಗಟ್ಟಲೆ ಜನ ಹಸಿವಿಂದ ಸತ್ತದ್ದು ಇದರದ್ದೇ ದಾಯಾದಿಯಿಂದ. ಆ ಆಲೂಗಡ್ಡೆಗೆ ಈಗ ದಾರಿ ಸಿಕ್ಕಿದೆ. ಕಾಡು ಆಲೂಗಡ್ಡೆಗಳಿಂದ ರೋಗ ತಡೆಯುವ ಮೂರು ಜೀನ್ ತೆಗೆದು ಉಗಾಂಡದ ವಿಕ್ಟೋರಿಯಾ ತಳಿಗೆ ಸೇರಿಸಿದ್ರು. ಮೂರು ಯಾಕೆ ಅಂದ್ರೆ ಒಂದೇ ಬೀಗ ಆದ್ರೆ ರೋಗ ಬೇಗ ಕೀಲಿ ಹುಡುಕ್ತದೆ. ಆಸ್ಟ್ರೇಲಿಯಾದಲ್ಲಿ ಕಾಡುಬಾಳೆಯ ಜೀನ್ ಸೇರಿಸಿದ, ಬಾಳೆ ಬಾಡಿಸಿ ಕೊಲ್ಲುವ ಪನಾಮಾ ರೋಗ ತಡೆಯುವ ಕ್ಯಾವೆಂಡಿಶ್ ಬಾಳೆಗೆ 2024ರಲ್ಲಿ ಅನುಮತಿಯೂ ಸಿಕ್ಕಿತು.

ಹೀಗೆ ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಬೆಳೆ ಅಂದ ಕೂಡ್ಲೆ ನಮ್ಮಲ್ಲಿ ಸಿಟ್ಟು ಬರ್ತದೆ, ನನಗೆ ಅರ್ಥ ಆಗ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಬಿಟಿ ಬದನೆ (ಹುಳ ತಡೆಯುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ) ತಡೆದಾಗ ನಾನೂ ಖುಷಿಪಟ್ಟವನೇ, ಯಾಕಂದ್ರೆ ಬಿಟಿ ಮಾಡಿದ ತಳಿಗಳ ಪಟ್ಟಿಯಲ್ಲಿ ನಮ್ಮ ಊರಿನ ಬದನೆ ಉಡುಪಿ ಗುಳ್ಳವೂ ಇತ್ತು, ಮಟ್ಟು ಊರಿನವರು ಕಾಪಾಡಿಕೊಂಡು ಬಂದ ಗುಳ್ಳದ ಮೇಲೆ ಹಕ್ಕು ಯಾರದ್ದು ಅಂತ ಕೇಳಿದ್ದು ಇವತ್ತಿಗೂ ಸರಿಯೇ. ಆದ್ರೆ ಅದು ಬೀಜ ಯಾರ ಕೈಯಲ್ಲಿರಬೇಕು ಅನ್ನೋ ಜಗಳ, ಗಿಡಕ್ಕೆ ರೋಗ ತಡೆಯುವ ಶಕ್ತಿ ಕೊಡಬಾರದು ಅಂತಲ್ಲ ಮಾರಾಯ್ರೆ. ಎರಡನ್ನೂ ಒಟ್ಟು ಕಲಸಿ ಬೇಡ ಬೇಡ ಅಂದ್ರೆ ಮಳೆಯಲ್ಲಿ ಮರ ಹತ್ತುವವರಿಗೆ ಎಂತ ಉತ್ತರ ಕೊಡುದು?

ಆಲೂಗಡ್ಡೆಯ ಜೀನ್ ತಂದು ಅಡಿಕೆಗೆ ಹಾಕಿದ್ರೆ ಆಯ್ತು ಅಂತ ನಾನು ಹೇಳ್ತಿಲ್ಲ, ಅಷ್ಟು ಸುಲಭ ಇಲ್ಲ. ಅಡಿಕೆಗೆ ಕಸಿ ಕಟ್ಲಿಕ್ಕಾಗುದಿಲ್ಲ, ಸಾಮಾನ್ಯವಾಗಿ ಬೀಜದಿಂದ್ಲೇ ಬರಬೇಕು, ಸಸಿ ಫಲ ಕೊಡ್ಲಿಕ್ಕೇ ಐದಾರು ವರ್ಷ, ಹಾಗಾಗಿ ತಳಿ ಬೆರೆಸಿ ಆರಿಸ್ತಾ ಕೂತ್ರೆ ಒಂದು ಜೀವಮಾನ ಬೇಕು. ಅದಕ್ಕೇ ಹೇಳುದು, ಜೀನ್ ಹುಡುಕುವ ಕೆಲಸ ಈಗ್ಲೇ ಆಗ್ಬೇಕು, ಅದೂ ಸರ್ಕಾರದ ದುಡ್ಡಲ್ಲಿ, ಸಸಿ ರೈತನದ್ದೇ ಆಗಿ ಉಳಿಯುವ ಹಾಗೆ. 2025ರಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿ ಕೊಟ್ಟದ್ದು ಕೇಂದ್ರ ಸರ್ಕಾರದ ಕೃಷಿ ಸಂಶೋಧನಾ ಮಂಡಳಿ ಐಸಿಎಆರ್, ಅಡಿಕೆ ತೆಂಗಿನ ಸಂಶೋಧನೆ ಮಾಡುವ ಕಾಸರಗೋಡಿನ ಸಿಪಿಸಿಆರ್‌ಐ ಮತ್ತು ಅದರ ವಿಟ್ಲದ ಕೇಂದ್ರ ಕೂಡ ಅದೇ ಐಸಿಎಆರ್‌ದು.

ಈ ಸಲ ನಮ್ಮ ಸೊಸೈಟಿಯ ಮಹಾಸಭೆಯಲ್ಲಿ ಇದನ್ನೇ ಬರೆದು ಮನವಿ ಕೊಡ್ತೇನೆ. ತೋಟ ಇರುವವರು ಸಹಿ ಹಾಕಿ, ಮದ್ದು ಬಿಡುವವರನ್ನೂ ಕರ್ಕೊಂಡು ಬನ್ನಿ, ಮೊದಲು ಮಾತಾಡ್ಬೇಕಾದವರು ಅವರು.